ಹರಿದ ಚೀಲದ ಹೆಜ್ಜಾರ್ಲೆ

ಒಂದು ದೊಡ್ಡ ಕೆರೆಯಲ್ಲಿ ಬಿಳಿ ಹೆಜ್ಜಾರ್ಲೆ ಹಕ್ಕಿಗಳ ಹಿಂಡೊಂದಿತ್ತು. ಅವು ಅರ್ಧಚಂದ್ರದಂತೆ ಸಾಲುಗಟ್ಟಿ, ರೆಕ್ಕೆ ಬಡಿಯುತ್ತ ಮೀನುಗಳನ್ನು ದಡದ ಕಡೆಗೆ ಅಟ್ಟಿ ಹಿಡಿಯುತ್ತಿದ್ದವು. ಒಮ್ಮೆ ನೀರಿನಲ್ಲಿ ಮುಳುಗಿದ್ದ ಮುಳ್ಳುಕೊಂಬೆಗೆ ಸಿಕ್ಕಿ ಒಂದು ಹೆಣ್ಣು ಹೆಜ್ಜಾರ್ಲೆಯ ಕೊಕ್ಕಿನ ಕೆಳಗಿನ, ಮೀನು ಮೊಗೆಯುವ ಚೀಲ ಹರಿದುಹೋಯಿತು. ಆಮೇಲೆ ಅದು ಮೊಗೆದ ಮೀನೆಲ್ಲ ನೀರಿನ ಜೊತೆಗೇ ಜಾರಿಹೋಗತೊಡಗಿತು. ಹಸಿವಿಗಿಂತ ನಾಚಿಕೆಯೇ ಅದನ್ನು ಹೆಚ್ಚು ಕಾಡಿತು. ಯಾರಿಗೂ ಹೇಳದೆ ಹೋಗಿ ಒಂದು ಬಂಡೆಯ ಮೇಲೆ ಕುಳಿತುಬಿಟ್ಟಿತು.

ಹಿಂಡಿನ ಹಿರಿಯ ಹಕ್ಕಿ ಈಜಿಕೊಂಡು ಬಂದು ಕೇಳಿತು, “ಸಾಲು ಬಿಟ್ಟು ಇಲ್ಲೇಕೆ ಕುಳಿತೆ, ತಾಯಿ?”

“ಮೀನು ಹಿಡಿಯಲಾರದವಳು ನಿಮ್ಮ ನಡುವೆ ನಿಂತು ಏನು ಮಾಡಲಿ, ಹಿರಿಯರೇ?”

“ನೀನಿಲ್ಲದೆ ಇವತ್ತು ನಮಗೂ ಒಂದು ಮೀನು ಸಿಗಲಿಲ್ಲ. ನಿನ್ನ ಜಾಗದಲ್ಲಿದ್ದ ಸಂದಿಯಿಂದಲೇ ಎಲ್ಲವೂ ಆಳಕ್ಕೆ ನುಸುಳಿದವು.”

“ಬೇರೆಯವರು ಆ ಸಂದಿ ತುಂಬಬಹುದಿತ್ತಲ್ಲ?”

“ತುಂಬಿದೆವು. ಪಕ್ಕದಲ್ಲಿ ಇನ್ನೊಂದು ಸಂದಿ ತೆರೆಯಿತು. ಮೀನು ಹೆದರುವುದು ನಮ್ಮ ಚೀಲಕ್ಕಲ್ಲ, ರೆಕ್ಕೆಗೆ. ನಿನ್ನ ರೆಕ್ಕೆಗೇನಾಗಿದೆ?”

ಹೆಣ್ಣು ಹೆಜ್ಜಾರ್ಲೆ ಅಳುಕುತ್ತಲೇ ನೀರಿಗಿಳಿದು ತನ್ನ ಜಾಗದಲ್ಲಿ ನಿಂತಿತು. ಸಾಲು ಮುಂದೆ ಸರಿಯಿತು, ರೆಕ್ಕೆಗಳು ಒಟ್ಟಿಗೆ ನೀರನ್ನು ಬಡಿದವು. ದಾರಿಗಾಣದ ಮೀನುಗಳು ದಡದ ತೆಳುನೀರಿಗೆ ನುಗ್ಗಿ ಕೆಸರಿನ ಮೇಲೆ ಹೊರಳಾಡಿದವು. ಅಲ್ಲಿ ಮೊಗೆಯುವ ಅಗತ್ಯವೇ ಇರಲಿಲ್ಲ. ಅದು ಕೊಕ್ಕಿನ ತುದಿಯಲ್ಲೇ ಒಂದು ಮೀನನ್ನು ಕಚ್ಚಿ, ತಲೆಯೆತ್ತಿ ನುಂಗಿತು. ಬಹಳ ಹೊತ್ತಿನ ಮೇಲೆ ಹೊಟ್ಟೆಗೆ ಏನೋ ಬಿದ್ದಿತ್ತು.

ಹಿಂಡು ಮತ್ತೊಂದು ಸುತ್ತಿಗೆ ತಿರುಗಿತು. ಈ ಸಲ ಎಲ್ಲರಿಗಿಂತ ಮೊದಲು ರೆಕ್ಕೆ ಬಡಿದದ್ದು ಅದೇ.