ಮಿಡತೆಯ ಉಸಿರು

ನದಿದಂಡೆಯ ಆಶ್ರಮದಲ್ಲಿ ಅಖಂಡಯ್ಯ ಎಂಬ ಗುರು ವೈದ್ಯವಿದ್ಯೆ ಕಲಿಸುತ್ತಿದ್ದರು. ಅವರ ಶಿಷ್ಯ ಕೊಟ್ರಪ್ಪನಿಗೆ ಓದು ಮುಗಿದಿತ್ತು. ಊರಿಗೆ ಹೋಗಿ ರೋಗಿಗಳನ್ನು ನೋಡಲು ಗುರುಗಳ ಅಪ್ಪಣೆಯೊಂದೇ ಬಾಕಿ. ಸಂಜೆ ಕೇಳಿಬಿಡೋಣ ಎಂದುಕೊಂಡಿದ್ದ.

ಅಂದು ಮಧ್ಯಾಹ್ನ ಅವನು ಲೇಹ್ಯ ಕಾಯಿಸಿ ಆರಲು ಇಟ್ಟಿದ್ದ. ಎಲ್ಲಿಂದಲೋ ಹಾರಿಬಂದ ಹಸಿರು ಮಿಡತೆಯೊಂದು ಅದರೊಳಗೆ ಬಿತ್ತು.

ಕೊಟ್ರಪ್ಪನದು ಮೆದು ಮನಸ್ಸು. ಮಿಡತೆಯನ್ನು ಎತ್ತಿಕೊಂಡು ನದಿಗೆ ಓಡಿದ. ಮೆತ್ತಿದ ಪಾಕ ಕರಗಲೆಂದು ಅದರ ಮೈಯನ್ನು ನೀರಿನಲ್ಲಿ ಅದ್ದಿ ಹಿಡಿದ. ಉಸಿರು ಕಟ್ಟಬಾರದಲ್ಲ, ತಲೆಯನ್ನು ಮಾತ್ರ ಎರಡು ಬೆರಳಲ್ಲಿ ಜೋಪಾನವಾಗಿ ಮೇಲೆತ್ತಿದ್ದ.

ಮಿಡತೆ ಜೋರಾಗಿ ಒದೆಯಿತು. ಆಮೇಲೆ ಸುಮ್ಮನಾಯಿತು. ನೀರಿಗೆ ಒಗ್ಗಿಕೊಂಡಿತು ಎಂದು ಅವನಿಗೆ ಸಮಾಧಾನ.

ಕಾಲುಗಳು ಜೋತುಬಿದ್ದಾಗ ಗಾಬರಿಯಿಂದ ಅದನ್ನು ನೀರಿನಿಂದ ಹೊರಗೆತ್ತಿದ.

ಹಿಂದೆ ಬಂದು ನಿಂತಿದ್ದ ಅಖಂಡಯ್ಯ ಕೈಚಾಚಿ ಅದನ್ನು ತೆಗೆದುಕೊಂಡರು. ಮಿಡತೆಯ ತಲೆಯನ್ನು ಅವರು ಮುಟ್ಟಲೇ ಇಲ್ಲ. ಪಂಚೆಯ ಅಂಚಿನಿಂದ ಅದರ ಪಕ್ಕೆಗಳನ್ನು ಮೆಲ್ಲಗೆ ಒರೆಸಿದರು. ಬಿಸಿಲಿಗೆ ಕಾದ ಬಂಡೆಯ ಮೇಲೆ ಮಲಗಿಸಿ ಪಕ್ಕದಲ್ಲೇ ಕುಳಿತರು. ಕೊಟ್ರಪ್ಪನೂ ಕುಳಿತ.

ಬಹಳ ಹೊತ್ತಿನ ಮೇಲೆ ಮಿಡತೆಯ ಹೊಟ್ಟೆ ಸಣ್ಣಗೆ ಉಬ್ಬಿತು, ಇಳಿಯಿತು.

"ಪಕ್ಕೆ ನೋಡು," ಎಂದರು ಗುರು.

ಕೊಟ್ರಪ್ಪ ಬಗ್ಗಿದ. ಪಕ್ಕೆಯ ಉದ್ದಕ್ಕೂ ಸೂಜಿಮೊನೆಯಂಥ ತೂತುಗಳ ಸಾಲು. ತೆರೆಯುತ್ತಿದ್ದವು, ಮುಚ್ಚುತ್ತಿದ್ದವು.

ಅದು ಉಸಿರಾಡುವುದು ಅಲ್ಲಿಂದ ಎಂದು ಅಖಂಡಯ್ಯ ಹೇಳಿದರು. ಮಿಡತೆಗೆ ನಮ್ಮಂಥ ಮೂಗಿಲ್ಲ, ಶ್ವಾಸಕೋಶವಿಲ್ಲ. ಕೂದಲಿಗಿಂತ ಸಣ್ಣ ನಾಳಗಳು ಗಾಳಿಯನ್ನು ನೇರವಾಗಿ ಮೈಯ ಮೂಲೆಮೂಲೆಗೂ ಒಯ್ಯುತ್ತವೆ. ಆ ಕೆಲಸಕ್ಕೆ ರಕ್ತವೂ ಬೇಕಿಲ್ಲ. ಹೃದಯವೆಂದರೆ ಬೆನ್ನಿನ ಉದ್ದಕ್ಕೆ ಮಲಗಿದ ಒಂದು ಕೊಳವೆ. ಕಿವಿಗಳು ಹೊಟ್ಟೆಯ ಎರಡು ಮಗ್ಗುಲಿಗೆ, ರೆಕ್ಕೆಯ ಮರೆಯಲ್ಲಿ.

ಕೊಟ್ರಪ್ಪ ಕಣ್ಣು ಕೀಳದೆ ನೋಡಿದ. ಇಷ್ಟು ಚೆಂದದ ಕಟ್ಟಡ ತನ್ನ ಬೆರಳುಗಳ ನಡುವೆಯೇ ಇತ್ತು. ಅದರ ಬಾಗಿಲುಗಳನ್ನೆಲ್ಲ ತಾನೇ ನೀರಿನಲ್ಲಿ ಮುಳುಗಿಸಿ, ಕಾಪಾಡುತ್ತಿದ್ದೇನೆ ಎಂದುಕೊಂಡಿದ್ದ.

ಮಿಡತೆ ಹಿಂಗಾಲು ಮಡಚಿ ಹುಲ್ಲಿಗೆ ಜಿಗಿಯಿತು.

ಅಪ್ಪಣೆ ಕೇಳಲು ಈಗ ಅವನಿಗೆ ಬಾಯಿ ಬರಲಿಲ್ಲ. ಮೆಲ್ಲಗೆ ಹೇಳಿದ:

"ತಲೆಗೆ ಒಂದು ಹನಿಯೂ ತಾಗದ ಹಾಗೆ ಹಿಡಿದಿದ್ದೆ ಗುರುಗಳೇ."

"ಹೌದು, ಹಿಡಿದಿದ್ದೆ," ಎಂದರು ಅಖಂಡಯ್ಯ. "ನೀನು ನೀರಿನಿಂದ ಮೇಲೆತ್ತಿ ಹಿಡಿದದ್ದು ನಿನ್ನ ಮೂಗನ್ನು."