ಬಸಲಿಂಗಮ್ಮ ತಾಯಿಯವರು ತಡೆದ ಆಣೆ

ನಾನು ಬಾಲ್ಯದಲ್ಲಿ ಕೇಳಿದ ಕಥೆಯಲ್ಲಿ ಮಾತೋಶ್ರೀ ಬಸಲಿಂಗಮ್ಮ ತಾಯಿಯವರು ಒಬ್ಬ ಹೆಂಗಸಿನ ಅಂಗೈಯಲ್ಲಿದ್ದ ಗುಳಿಗೆಗಳನ್ನು ದೃಷ್ಟಿಮಾತ್ರದಿಂದ ವಿಭೂತಿಯಾಗಿಸುತ್ತಾರೆ. ತೀರಿಹೋದ ಮಗು ಅದೇ ತಾಯಿಯ ಗರ್ಭಕ್ಕೆ ಮರಳುವುದನ್ನು ಯಾವ ಔಷಧವೂ ತಡೆಯಲಾರದು ಎಂಬುದು ಅದರ ತಾತ್ಪರ್ಯ. ನಮ್ಮ ಅಜ್ಜಿ ಇದನ್ನು ಕಣ್ಣೊರೆಸಿಕೊಳ್ಳುತ್ತ ಹೇಳುತ್ತಿದ್ದರು. ವಿಭೂತಿಯನ್ನು ಕಂಡವರು ಯಾರೆಂದು ಕೇಳಿದರೆ ಗದರುತ್ತಿದ್ದರು. ಮುಂದೆ, ಆ ದಿನ ಅಲ್ಲಿದ್ದ ಇಬ್ಬರು ಹೆಂಗಸರನ್ನು ನಾನೇ ಹುಡುಕಿ ಮಾತನಾಡಿಸಿದೆ. ವಿಭೂತಿಯ ವಿಷಯ ಇಬ್ಬರಿಗೂ ತಿಳಿಯದು. ಅವರು ಕಂಡದ್ದನ್ನು, ಹೆಸರುಗಳನ್ನಷ್ಟೇ ಬದಲಿಸಿ, ತಾಯಿಯವರ ಪಾದಗಳಲ್ಲಿಟ್ಟು ನಿವೇದಿಸುತ್ತೇನೆ.

ಘಟಪ್ರಭೆಯ ದಂಡೆಯ ಹಳೇಮುಗಳಿಯಲ್ಲಿ ತಾಯಿಯವರ ಮಠವೆಂದರೆ ಎರಡಂಕಣದ ಮಣ್ಣಿನ ಮನೆ. ಹಿಂಬದಿಯಲ್ಲಿ ಅವರ ಗುರುಗಳ ಗದ್ದುಗೆ. ಕಾಮಾಲೆಗೆ, ಹೊಟ್ಟೆನೋವಿಗೆ ಬೇರು ಅರೆದು ಕೊಡುತ್ತಿದ್ದರು. ಕೊಡುವ ಮುನ್ನ ಬೇರೆ ಏನೇನು ತಿನ್ನುತ್ತೀಯೆಂದು ವಿಚಾರಿಸಿ, ಉತ್ತರ ಬರುವ ತನಕ ಬಟ್ಟಲನ್ನು ಕೈಬಿಡುತ್ತಿರಲಿಲ್ಲ. ಊರಿನ ತಕರಾರುಗಳೂ ಅಲ್ಲಿಗೇ ಬರುತ್ತಿದ್ದವು. ಗದ್ದುಗೆ ಮುಟ್ಟಿ ಆಣೆ ಮಾಡಿದವರನ್ನು ಮತ್ತೆ ಯಾರೂ ಪ್ರಶ್ನಿಸುವಂತಿರಲಿಲ್ಲ. ಆದರೆ ಬಸುರಿ ಮಾಡಿದ ಆಣೆಯಲ್ಲಿ ಎಳ್ಳಷ್ಟು ತಪ್ಪಿದ್ದರೂ ಅದು ಹೊಟ್ಟೆಯ ಕೂಸಿಗೆ ತಟ್ಟುತ್ತದೆಂಬ ಭಯವೂ ಇತ್ತು.

ಒಂದು ಮುಂಜಾನೆ ತಾಯಿಯವರು ಮೊರದಲ್ಲಿ ಜೋಳ ಹಸನು ಮಾಡುತ್ತ ಕುಳಿತಿದ್ದಾಗ, ಲಾರಿ ಚಾಲಕ ಯಮನೂರಪ್ಪ ಹೆಂಡತಿ ಕಸ್ತೂರೆವ್ವಳೊಂದಿಗೆ ಅಂಗಳಕ್ಕೆ ಬಂದನು. ಅವಳು ಬಸುರಾಗಿ ಮೂರು ತಿಂಗಳಾಗಿತ್ತು. ಅವರ ಒಬ್ಬನೇ ಮಗ ಅದಾಗಲೇ ರೋಗದಿಂದ ತೀರಿಕೊಂಡಿದ್ದನು. ಇನ್ನೊಂದು ಕೂಸನ್ನು ಮಣ್ಣಿಗಿಡಲಾರೆನೆಂದು ಯಮನೂರಪ್ಪ ಹಟ ಹಿಡಿದಿದ್ದನು; ಮಕ್ಕಳಾಗದ ಗುಳಿಗೆ ತಪ್ಪದೆ ನುಂಗುವೆನೆಂದು ಕಸ್ತೂರೆವ್ವ ಅವನಿಗೆ ಮಾತು ಕೊಟ್ಟಿದ್ದಳು. ಆ ಗುಳಿಗೆ ಕೊಟ್ಟಿದ್ದ ಊರಿನ ಆರೋಗ್ಯ ಕೇಂದ್ರದ ಸಿಸ್ಟರ್ ಪ್ರಮೀಳಾ, ತಪ್ಪು ತನ್ನ ತಲೆಗೆ ಬರುವುದೆಂದು ಹಿಂದೆಯೇ ಬಂದಿದ್ದರು.

“ಈಕಿ ಗದ್ದಿಗಿ ಮುಟ್ಟಲಿ, ಅಮ್ಮಾರ. ಒಂದ ಗುಳಗೀನೂ ತಪ್ಪಿಸಿಲ್ಲ ಅನ್ನಲಿ. ಇಲ್ಲಂದ್ರ ಇವತ್ತ ತವರಮನಿಗೆ ಹೋಗಲಿ, ತಿರುಗಿ ಬರೂದು ಬ್ಯಾಡ” ಎಂದನು ಯಮನೂರಪ್ಪ.

“ತಪ್ಪು ಗುಳಗಿ ಮ್ಯಾಲ ಹಾಕಬ್ಯಾಡಪಾ” ಎಂದರು ಪ್ರಮೀಳಾ. “ಊರ ತುಂಬ ಹೆಣ್ಮಕ್ಕಳು ಅದನ್ನ ತಿಂತಾರ. ನಿನ್ನ ಹೇಣ್ತಿ ಮರತಾಳ, ಒಪ್ಪಿಕೊಳ್ಳಾಕ ನಾಚಿಕಿ.”

“ಉಣ್ಣೂದ ಮರತೀನ್ರಿ ಅಕ್ಕಾರ, ಅದನ್ನ ಮರತಿಲ್ಲ” ಎಂದಳು ಕಸ್ತೂರೆವ್ವ.

“ಹಂಗಾರ ಗದ್ದಿಗಿ ಮುಟ್ಟಲ್ಲ?” ಎಂದನು ಯಮನೂರಪ್ಪ.

ಅವಳು ಎರಡೂ ಕೈಗಳನ್ನು ಹೊಟ್ಟೆಯ ಮೇಲಿಟ್ಟುಕೊಂಡು ನಿಂತಳು. “ನನಗ ತಿಳೀದನ ಒಂದ ತಪ್ಪಿದ್ರ? ಕೂಸಿಗೆ ತಟ್ಟಿದ್ರ?”

“ನೋಡ್ರಿ, ಕೈ ಏಳವಲ್ದು!” ಎಂದು ಯಮನೂರಪ್ಪ ಅಂಗಳದಲ್ಲಿದ್ದವರತ್ತ ತಿರುಗಿದನು.

ತಾಯಿಯವರು ಮೊರವನ್ನು ಕೆಳಗಿಟ್ಟರು.

“ಆಣಿ ಬ್ಯಾಡ. ಆಕಿ ಹೇಳಿದ್ದು ಖರೆ.”

ಬಳಿಕ ತಾಯಿಯವರು ಪ್ರಮೀಳಾ ಕಡೆ ತಿರುಗಿ ಕೇಳಿದರು: “ಗುಳಗಿ ಕೊಡೂ ಮುಂದ, ಮತ್ತೇನ ತಿಂತಿ ಅಂತ ಈಕೀನ ಕೇಳಿದ್ದೇನವಾ?”

ಪ್ರಮೀಳಾ ನಕ್ಕರು. “ಪಥ್ಯಾ ಹಿಡಿಯಾಕ ಇದು ನಿಮ್ಮ ಕಷಾಯ ಅಲ್ರಿ, ಅಮ್ಮಾರ.”

ತಾಯಿಯವರು ನಗಲಿಲ್ಲ. ಅಂಗಳದಲ್ಲಿದ್ದ ಇತರರನ್ನು ಹೊರಗೆ ಕಳುಹಿಸಿ ಬಾಗಿಲು ಮುಂದೆ ಮಾಡಿಸಿದರು. ಕಸ್ತೂರೆವ್ವ ಗಂಡನ ಮುಖ ನೋಡಿದಳು. ಅವನು ಬೇಡವೆಂಬಂತೆ ತಲೆಯಲ್ಲಾಡಿಸಿದನು. ಅವಳು ಆದರೂ ಹೇಳಿದಳು.

ಗಂಡಹೆಂಡಿರಿಬ್ಬರಿಗೂ ಎಚ್‌ಐವಿ ಇತ್ತು. ಮಗನನ್ನು ಕೊಂದದ್ದೂ ಅದೇ. ಊರಿಗೆ ತಿಳಿಯಬಾರದೆಂದು ದೂರದ ಆಸ್ಪತ್ರೆಯಿಂದ ಮಾತ್ರೆ ತಂದು, ಡಬ್ಬಿಯ ಚೀಟಿ ಕಿತ್ತು, ಅಕ್ಕಿಯ ಗಡಿಗೆಯಲ್ಲಿ ಹುದುಗಿಸಿಡುತ್ತಿದ್ದರು. ಅದನ್ನೂ ಅವಳು ತಪ್ಪಿಸಿರಲಿಲ್ಲ. ಊರಿನ ಗುಳಿಗೆಯ ಸುದ್ದಿ ಆ ಆಸ್ಪತ್ರೆಗೆ ಗೊತ್ತಿರಲಿಲ್ಲ. ಆಸ್ಪತ್ರೆಯ ಮಾತ್ರೆಯ ಸುದ್ದಿ ಊರಿಗೆ ಗೊತ್ತಿರಲಿಲ್ಲ. ಎರಡೂ ಕಡೆ ಅವಳನ್ನು ಕೇಳುತ್ತಿದ್ದುದು ಒಂದೇ: ದಿನಾ ತಗೋತಿಯಲ್ಲ?

ಪ್ರಮೀಳಾ ಆ ಆಸ್ಪತ್ರೆಯ ವೈದ್ಯರಿಗೆ ಫೋನ್ ಮಾಡಿದರು. ವೈದ್ಯರ ಉತ್ತರವನ್ನು ಅವರು ಇಂದಿಗೂ ಅದೇ ಧಾಟಿಯಲ್ಲಿ ಹೇಳುತ್ತಾರೆ: “ಹೌದು, ಆಕೆ ತಗೊಳ್ಳೋದು ಎಫಾವಿರೆಂಜ್. ಅದರ ಜೊತೆ ಹಾರ್ಮೋನ್ ಗುಳಿಗೆಯ ಬಲ ಇಳಿಯುತ್ತೆ. ಗೊತ್ತಿರೋ ವಿಷಯಾನೇ ಅಲ್ವಾ ಸಿಸ್ಟರ್?”

“ಹಂಗಾರ ಆ ಮಾತ್ರಿ ಬಿಡಸೂನೇನ್ರಿ?” ಎಂದು ಯಮನೂರಪ್ಪ ತೊದಲಿದನು.

“ಬಿಡಸಬ್ಯಾಡಪಾ, ಕೂಸಿಗೂ ಅದ ಕಾವಲು ಅಂದ್ರು” ಎನ್ನುತ್ತ ಪ್ರಮೀಳಾ ನೆಲದ ಮೇಲೆ ಕುಳಿತುಬಿಟ್ಟರು.

ತಾಯಿಯವರು ಯಮನೂರಪ್ಪನನ್ನು ನೋಡಿದರು. “ಆಣಿ ಮಾಡಸಾಕ ಬಂದಿದ್ದಿ. ಈಗ ಯಾರ ಕಡೆ ಮಾಡಸ್ತಿ?”

ಯಮನೂರಪ್ಪ ಹೆಂಡತಿಯನ್ನು ಕರೆದುಕೊಂಡು ಮನೆಗೆ ಹೋದನು. ಹೆಣ್ಣುಕೂಸು ಹುಟ್ಟಿತು, ಅದಕ್ಕೆ ರೋಗ ತಗಲಲಿಲ್ಲ. ಪ್ರಮೀಳಾ ಅಂದಿನಿಂದ ನಿವೃತ್ತಿಯಾಗುವವರೆಗೂ, ಬಾಗಿಲು ಮುಚ್ಚಿ, ಬೇರೆ ಯಾವ ಔಷಧ ನಡೆದಿದೆಯೆಂದು ಕೇಳದೆ ಯಾವ ಹೆಣ್ಣಿಗೂ ಗುಳಿಗೆ ಕೊಡಲಿಲ್ಲ. ತಾಯಿಯವರ ಭಾವಚಿತ್ರಕ್ಕೆ ಕೈಮುಗಿಯುವಾಗ ಅವರ ಕಣ್ಣು ಇಂದಿಗೂ ತುಂಬುತ್ತದೆ.

ಕಸ್ತೂರೆವ್ವ ಅಳಲಿಲ್ಲ. ಮನೆಯವರು ಆಮೇಲಾದರೂ ನಿಮ್ಮ ಮಾತು ನಂಬಿದರಲ್ಲವೇ ಎಂದು ನಾನು ಕೇಳಿದ್ದಕ್ಕೆ, ಹಿಟ್ಟು ನಾದುತ್ತಿದ್ದ ಕೈ ನಿಲ್ಲಿಸದೆ ಹೇಳಿದರು:

“ಅಮ್ಮಾರು ನನ್ನ ನಂಬಿದ್ರು ತಂಗಿ. ಮನಿಯವರು ಅಮ್ಮಾರನ್ನ ನಂಬಿದ್ರು. ನನ್ನ ಅಲ್ಲ.”

ಹಿಂದಿರುಗಿದ ಮೇಲೆ ನಾನು ವೈದ್ಯಗ್ರಂಥಗಳನ್ನು ತೆರೆದು ನೋಡಿದೆ. ವೈದ್ಯರು ಹೇಳಿದ್ದು ಸರಿ; ಎರಡನ್ನೂ ಬೇರೆ ಬೇರೆ ಹೊತ್ತಿಗೆ ನುಂಗಿದ್ದರೂ ಪ್ರಯೋಜನವಿರಲಿಲ್ಲ. ಆದರೆ ಗರ್ಭಕೋಶದಲ್ಲಿ ಇಡುವ, ಹಾರ್ಮೋನ್ ಇಲ್ಲದ ಕಾಪರ್-ಟಿಗೆ ಆ ಮಾತ್ರೆಯಿಂದ ಬಾಧಕವಿಲ್ಲ. ಪ್ರಮೀಳಾ ಅವರಿಗೆ ಫೋನ್ ಮಾಡಿ ವಿಚಾರಿಸಿದೆ. ಕಸ್ತೂರೆವ್ವ ಗುಳಿಗೆ ನುಂಗುತ್ತಿದ್ದ ಆ ವರ್ಷ ಅವರ ಆರೋಗ್ಯ ಕೇಂದ್ರದಲ್ಲೇ, ಕೇಳಿದವರಿಗೆಲ್ಲ, ಅದನ್ನು ಉಚಿತವಾಗಿ ಹಾಕುತ್ತಿದ್ದರು.