ಐಲಾ ದೀಪ ಆರಿಸಿದ್ದು

ಲೋಕ ಇನ್ನೂ ಹೊಸದಾಗಿದ್ದಾಗಿನ ಮಾತಿದು ಕಂದಾ. ಆಕಾಶದಲ್ಲಿ ಆಗ ಕೆಲಸ ಹಂಚುತ್ತಿದ್ದರು. ಸೂರ್ಯನಿಗೆ ಹಗಲು ಸಿಕ್ಕಿತು, ಚಂದ್ರನಿಗೆ ಇರುಳು ಸಿಕ್ಕಿತು. ಒಂದು ಹಸಿರು ಬೆಳಕಿಗೆ ಮಾತ್ರ ಯಾವ ಕೆಲಸವೂ ಸಿಗಲಿಲ್ಲ. ಪಾಪ, ಅದು ನಾಚಿಕೊಂಡು, ಸೀರೆಯ ಹಾಗೆ ಮಡಿಚಿಕೊಂಡು, ಉತ್ತರದ ಕಡಲಿನಾಚೆ ಅಡಗಿ ಕುಳಿತಿತು.

ಆ ಕಡಲಿನ ದಡದಲ್ಲಿ ಐಲಾ ಎಂಬ ಹೆಂಗಸು ಇದ್ದಳು. ಅವಳ ಗಂಡ ನಿಲಾಸ. ಇಬ್ಬರೂ ಮೀನು ಹಿಡಿದು ಬದುಕುವವರು. ಅಲ್ಲಿ ಚಳಿಗಾಲ ಬಂತೆಂದರೆ ಸೂರ್ಯ ಎರಡು ತಿಂಗಳು ಮುಖವನ್ನೇ ತೋರಿಸುವುದಿಲ್ಲ. ಅಂಥ ಕತ್ತಲೆಯಲ್ಲಿ ಮೀನಿಗೆ ಹೋದ ನಿಲಾಸ ಮೂರು ದಿನವಾದರೂ ಮರಳಲಿಲ್ಲ.

ಆ ಊರಲ್ಲಿ ಒಂದು ಕಟ್ಟಳೆಯಿತ್ತು. ಕಡಲಿಗೆ ಹೋದವರು ಬರುವ ತನಕ ಮನೆಯ ದೀಪ ಆರಬಾರದು. ಆರಿಸಿದರೆ ಹೋದವರ ಆಸೆ ಬಿಟ್ಟಂತೆ. "ದೀಪ ಕಾಯುತ್ತ ಕೂತಿರಮ್ಮ" ಎಂದರು ನೆರೆಯವರು. ಐಲಾ ಕೂರುವ ಹೆಂಗಸೇ? ಮೀನೆಣ್ಣೆಯ ಆ ದೀಪವನ್ನೇ ಎತ್ತಿಕೊಂಡು ದೋಣಿ ಹತ್ತಿದಳು.

"ಗಾಳಿಯಣ್ಣಾ, ನಮ್ಮವರನ್ನು ಕಂಡೆಯಾ?"

"ಕಂಡಿಲ್ಲ ತಂಗಿ. ಚಳಿ ಜೋರಾಗಿದೆ, ಹಿಂದಕ್ಕೆ ಹೋಗು."

"ಅವರು ಸಿಗದೆ ನಾನು ಹೋಗುವವಳಲ್ಲ."

ಮುಂದೆ ಒಂದು ಮುದಿ ತಿಮಿಂಗಿಲ ಸಿಕ್ಕಿತು. "ತಿಮಿಂಗಿಲಜ್ಜಾ, ನಮ್ಮವರನ್ನು ಕಂಡೆಯಾ?"

"ಈ ಕತ್ತಲೆಯಲ್ಲಿ ನನ್ನ ಬಾಲವೇ ನನಗೆ ಕಾಣುವುದಿಲ್ಲ ಮಗಳೇ. ಕಡಲಿನಾಚೆ ಕೆಲಸವಿಲ್ಲದ ಒಂದು ಬೆಳಕು ಇದೆ. ಅದು ಎದ್ದರೆ ಇಡೀ ಕಡಲು ಕಾಣುತ್ತದೆ. ಆದರೆ ಅದಕ್ಕೆ ನಾಚಿಕೆ ಬಹಳ."

"ಬೆಳಕು ಸಿಗದೆ ನಾನು ಹೋಗುವವಳಲ್ಲ" ಎಂದಳು ಐಲಾ. ಹುಟ್ಟು ಹಾಕಿದಳು, ಹಾಕಿದಳು, ಅಂಗೈಯಲ್ಲಿ ಬೊಬ್ಬೆ ಎದ್ದರೂ ಹಾಕಿದಳು. ಕೊನೆಗೆ ದೂರದಲ್ಲಿ ಹಸಿರು ಅಂಚೊಂದು ಇಣುಕಿತು. ಸರಿಯಾಗಿ ನೋಡೋಣವೆಂದು ದೀಪ ಎತ್ತಿ ಹಿಡಿದಳು. ಅಂಚು ಮಾಯ! ಮತ್ತೆ ಇಣುಕಿತು. ಮತ್ತೆ ದೀಪ ಎತ್ತಿದಳು. ಮತ್ತೆ ಮಾಯ!

ಹಿಂದೆಯೇ ಬಂದಿದ್ದ ತಿಮಿಂಗಿಲಕ್ಕೆ ನಗು ತಡೆಯಲಾಗಲಿಲ್ಲ. "ದೀಪ ಕಂಡರೆ ಅದು ಬರುವುದುಂಟೇ ಮಗಳೇ? ಆರಿಸು."

ಐಲಾ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡಳು. ದೀಪ ಆರಿಸುವುದೆಂದರೆ ನಿಲಾಸ ಇನ್ನಿಲ್ಲವೆಂದು ತಾನೇ ಹೇಳಿದಂತೆ. ಉರಿಯುವ ದೀಪದ ಮುಂದೆ ಬಾಗಿ ಅತ್ತಳು. ಆಮೇಲೆ ಕಣ್ಣೊರೆಸಿಕೊಂಡಳು.

"ಆ ಕಟ್ಟಳೆ ಮನೆಯಲ್ಲಿ ಕೂತು ಕಾಯುವವರಿಗೆ. ನಾನು ಹುಡುಕಲು ಬಂದವಳು" ಎಂದು ಉಫ್ ಎಂದು ಊದಿಯೇ ಬಿಟ್ಟಳು.

ಗವ್ವೆನ್ನುವ ಕತ್ತಲೆ. ಹಸಿರು ಬೆಳಕು ಮೆಲ್ಲಗೆ ಹತ್ತಿರ ಬಂತು. "ನನ್ನನ್ನು ಹುಡುಕಿಕೊಂಡು ಯಾರೂ ಬಂದವರಿಲ್ಲ. ನನ್ನಿಂದೇನು ಕೆಲಸ?" ಎಂದು ಕೇಳಿತು.

"ಹುಡುಕುವ ಕೆಲಸ. ನಮ್ಮವರು ಕಡಲಲ್ಲಿ ಎಲ್ಲೋ ಇದ್ದಾರೆ. ಹುಡುಕಿ ಕೊಡುತ್ತೀಯಾ?"

ಕೊಡದೆ ಇರುತ್ತದೆಯೇ! ಮಡಿಕೆ ಬಿಚ್ಚಿಕೊಂಡು ಎದ್ದಿತು. ಮೂಡಣಕ್ಕೆ ಓಡಿತು, ಪಡುವಣಕ್ಕೆ ಓಡಿತು. ಆಕಾಶದ ಆ ತುದಿಯಲ್ಲಿ ಅದು ಇನ್ನೂ ಹುಡುಕುತ್ತಿರುವಾಗಲೇ ಇತ್ತ ಐಲಾಳ ಕಣ್ಣಿಗೆ ಮಂಜುಗಡ್ಡೆಯೊಂದರ ಮೇಲೆ, ಒಡೆದ ದೋಣಿಯ ಪಕ್ಕದಲ್ಲಿ, ನಿಲಾಸ ಕಂಡ.

ಅವನನ್ನು ದೋಣಿಗೆ ಎಳೆದುಕೊಂಡಳು. ಅವನೋ ದೋಣಿಯಲ್ಲಿ ಆರಿದ ದೀಪ ಕಂಡು, ನಡುಗುತ್ತಲೇ, "ದೀಪ ಯಾಕೆ ಆರಿಸಿದೆ?" ಎಂದು ಗದರಿದ.

"ಮೊದಲು ಕೈ ಉಜ್ಜಿಕೊಳ್ಳಿ. ಬೈಯುವುದೆಲ್ಲ ಮನೆಗೆ ಹೋದ ಮೇಲೆ."

ಅಳುತ್ತ ನಗುತ್ತ ಇಬ್ಬರೂ ಮನೆ ಸೇರಿದರು. ಆ ಸಂತೋಷದಲ್ಲಿ, 'ಸಿಕ್ಕಿದರು, ಇನ್ನು ಹುಡುಕಬೇಡ' ಎಂದು ಬೆಳಕಿಗೆ ಹೇಳುವುದನ್ನೇ ಮರೆತರು.

ಅದಕ್ಕೇ ಕಂದಾ, ಉತ್ತರದ ಬೆಳಕನ್ನು ನೋಡಲು ಹೊರಟ ದೋಣಿಯವರು ಇವತ್ತಿಗೂ ನಡುಗಡಲಲ್ಲಿ ದೀಪ ಆರಿಸಿ ಕಾಯುತ್ತಾರೆ. ಆ ಬೆಳಕೂ ಒಂದು ಗಳಿಗೆ ನಿಲ್ಲದೆ ಆಕಾಶದ ಉದ್ದಕ್ಕೂ ಓಡಾಡುತ್ತ, ಒಂದೊಂದು ದೋಣಿಗೂ ಬಾಗಿ, ಇದರಲ್ಲಿ ನಿಲಾಸ ಇದ್ದಾನೆಯೇ ಎಂದು ನೋಡುತ್ತಲೇ ಇರುತ್ತದೆ.